ಅತ್ತೆಯ ಬೀಜದ ಗಡಿಗೆ

ನನ್ನ ಬಾಯಿ ಜೋರು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ನಡೆದದ್ದಕ್ಕೆಲ್ಲ ಅದೇ ಮೂಲ. ನರಗುಂದ, ರೋಣ, ಗಜೇಂದ್ರಗಡದ ನಡುವೆ ಓಡುವ ಬಸ್ಸಿನಲ್ಲಿ ನಾನು ಕಂಡಕ್ಟರ್. ಗಂಡ ಅದೇ ಡಿಪೋದಲ್ಲಿ ಡ್ರೈವರ್ ಆಗಿದ್ದರು. ಅವರು ತೀರಿಕೊಂಡ ಮೇಲೆ ಅನುಕಂಪದ ನೌಕರಿ ಎಂದು ನನಗೆ ಈ ಕೆಲಸ ಸಿಕ್ಕಿತು. ಹೆಸರಷ್ಟೇ ಅನುಕಂಪದ್ದು, ಕೆಲಸದಲ್ಲಿ ಅದು ಒಂದು ಚಮಚೆಯೂ ಇಲ್ಲ. ಬಸ್ಸಿನ ತುಂಬ ಹೆಂಗಸರು, ಒಬ್ಬೊಬ್ಬರ ಹತ್ತಿರ ಎರಡೆರಡು ಚೀಲ, ಎಲ್ಲರಿಗೂ ಸೊನ್ನೆ ಟಿಕೆಟ್ ಹರಿದು ಕೊಡಬೇಕು. ಮೆತ್ತಗೆ ಮಾತಾಡಿದರೆ ಯಾವಗಲ್ ದಾಟುವುದರೊಳಗೆ ನನ್ನನ್ನೇ ಕೆಳಗಿಳಿಸಿ ಮುಂದೆ ಹೋಗುತ್ತಾರೆ. ಹೀಗೆ ಕೂಗಿ ಕೂಗಿ ರೂಢಿಯಾದ ದನಿ ಮನೆಗೂ ಬಂತು, ಕೊನೆಗೆ ಸಾವಿನ ಮನೆಗೂ ಬಂತು.

ಸತ್ತವರು ನನ್ನ ಅತ್ತೆ, ಅಪ್ಪನ ಅಕ್ಕ. ಅಬ್ಬಿಗೇರಿಯಲ್ಲಿ ಅವರದೊಂದು ಮಣ್ಣಿನ ಮನೆ, ಹಿಂದೆ ಉದ್ದದ ಹಿತ್ತಲು. ಸಣ್ಣ ವಯಸ್ಸಿಗೇ ಗಂಡ ಹೋಗಿದ್ದ, ಮಕ್ಕಳಿರಲಿಲ್ಲ. ಅಯ್ಯೋ ಪಾಪ ಒಂಟಿ ಜೀವ ಎಂದು ಯಾರಾದರೂ ಅಂದರೆ ಅವರಿಗೆ ಸಿಟ್ಟು ಬರುತ್ತಿತ್ತು. ಖರೇ ಹೇಳಬೇಕೆಂದರೆ ಒಂಟಿಯಾಗಿರಲು ಅವರಿಗೆ ಪುರಸೊತ್ತೇ ಇರಲಿಲ್ಲ. ಬೆಳಿಗ್ಗೆಯಿಂದ ಸಂಜೆಯವರೆಗೆ ಯಾರಾದರೊಬ್ಬರು ಕಟ್ಟೆಯ ಮೇಲೆ ಕೂತೇ ಇರುತ್ತಿದ್ದರು. ಯುಗಾದಿ ಮುಗಿದು ಸ್ವಲ್ಪ ದಿನಕ್ಕೆ, ಒಂದು ಮುಂಜಾನೆ, ಅರ್ಧ ರೊಟ್ಟಿ ತಿಂದು ಇನ್ನರ್ಧ ತಾಟಿನಲ್ಲಿ ಬಿಟ್ಟು ಗೋಡೆಗೆ ಒರಗಿದವರು ಮತ್ತೆ ಏಳಲಿಲ್ಲ. ಸುದ್ದಿ ಬಂದಾಗ ನಾನು ಡ್ಯೂಟಿಯಲ್ಲಿದ್ದೆ. ಖಾಕಿ ಬಟ್ಟೆಯಲ್ಲೇ ಹೋಗಿ ಅವರ ಕಾಲು ಹಿಡಿದೆ.

ನಾನು ಅಳಲಿಲ್ಲ. ನನ್ನ ತಮ್ಮ ನರಗುಂದದಲ್ಲಿ ಗೊಬ್ಬರದ ಅಂಗಡಿ ಇಟ್ಟುಕೊಂಡಿದ್ದಾನೆ. ಅವನು ಬಂದವನೇ ಕಂಬ ಹಿಡಿದು ಅಳುತ್ತ ಕೂತ. ಒಬ್ಬರು ಅಳುತ್ತ ಕೂತರೆ ಇನ್ನೊಬ್ಬರು ಏಳಲೇಬೇಕಲ್ಲ. ಮಣ್ಣು ಮಾಡುವ ಕೆಲಸ, ಬಂದವರಿಗೆ ಚಹಾ, ಹೇಳಿಕಳಿಸುವುದು, ಜಮಖಾನೆ ತರಿಸುವುದು, ಎಲ್ಲಾ ನಾನೇ ನಿಂತು ಮಾಡಿಸಿದೆ. ಮಾಡಿಸಿದೆ ಅನ್ನುವುದಕ್ಕಿಂತ ಬೈದು ಮಾಡಿಸಿದೆ. ಹತ್ತು ದಿನ ಆ ಮನೆಯಲ್ಲಿ ನನ್ನ ದನಿ ಬಿಟ್ಟರೆ ಬೇರೆ ದನಿ ಕೇಳಿರಲಿಕ್ಕಿಲ್ಲ. ಬಾಜೂ ಮನೆಯ ದೊಡ್ಡವ್ವ, ಅತ್ತೆಯ ಓರಗೆಯವರು, ದಿನಾ ಬಂದು ಮೂಲೆಯಲ್ಲಿ ಕೂತು ನನ್ನನ್ನೇ ನೋಡುತ್ತಿದ್ದರು. ಯಾಕೆ ಹಾಗೆ ನೋಡುತ್ತಾರೆಂದು ಅದಕ್ಕೂ ನನಗೆ ಸಿಟ್ಟು.

ಹನ್ನೊಂದನೆಯ ದಿನ ಊರೂಟ. ಹಿಂದಿನ ಸಂಜೆ ಕಾಳು ನೆನೆಹಾಕಬೇಕು. ತಮ್ಮ ತಂದ ಹೆಸರುಕಾಳಿನ ಚೀಲ ಬಿಚ್ಚಿ ಮೊರಕ್ಕೆ ಸುರಿದರೆ ಕಾಳಿಗಿಂತ ಹುಳ ಜಾಸ್ತಿ. ನನ್ನ ತಲೆ ಕೆಟ್ಟಿತು. ಸತ್ತವರ ಹೆಸರಿನಲ್ಲಿ ಹುಳದ ಕಾಳು ಬಡಿಸಲೇನು ಎಂದು ತಮ್ಮನ ಮೇಲೆ, ಅಂಗಡಿಯವನ ಮೇಲೆ, ಅಲ್ಲಿದ್ದ ಎಲ್ಲರ ಮೇಲೆ ಹರಿಹಾಯ್ದೆ. ಆ ಹೊತ್ತಿಗೆ ಅಂಗಡಿ ಮುಚ್ಚಿದ್ದವು. ಈ ಮನೆಯಲ್ಲಿ ಕಾಳಿಗೇನು ಬರವೇ ಅಂದವಳೇ ನಿಚ್ಚಣಿಕೆ ಹಾಕಿ ಅಟ್ಟ ಹತ್ತಿ, ಕೈಗೆ ಸಿಕ್ಕ ದೊಡ್ಡ ಗಡಿಗೆಯನ್ನು ಇಳಿಸಿದೆ. ಬಾಯಿಗೆ ಸೆಗಣಿ ಮೆತ್ತಿತ್ತು. ಆ ಸೆಗಣಿಯನ್ನು ಒರಳಿನ ಗುಂಡಿನಿಂದ ಕುಟ್ಟಿ ಒಡೆದೆ.

ಒಳಗಿನಿಂದ ಬೂದಿ, ಒಣಗಿದ ಬೇವಿನೆಲೆಯ ವಾಸನೆ ಬಂತು. ಅದು ಅತ್ತೆಯ ಕೈಯ ವಾಸನೆ. ಸಣ್ಣವಳಿದ್ದಾಗ ಸೂಟಿಗೆ ಬಂದರೆ ಆ ಕೈಯಲ್ಲೇ ನನ್ನ ಮುಖ ಒರೆಸುತ್ತಿದ್ದರು. ನನಗೆ ಏನಾಯಿತೋ, ಗಡಿಗೆಯನ್ನು ತಬ್ಬಿಕೊಂಡು ಅದರ ಬಾಯಿಗೆ ಮುಖ ಇಟ್ಟು ಅತ್ತುಬಿಟ್ಟೆ. ಎಷ್ಟು ಹೊತ್ತು ಅತ್ತೆನೋ ನೆನಪಿಲ್ಲ. ಯಾರೂ ಹತ್ತಿರ ಬರಲಿಲ್ಲ. ಅತ್ತು ಮುಗಿದ ಮೇಲೆ ದೊಡ್ಡವ್ವ ಬಂದು ನನ್ನ ತೋಳಿನಿಂದ ಗಡಿಗೆ ಬಿಡಿಸಿಕೊಂಡು, ಒಂದು ಗಳಿಗೆ ಒಳಗೆ ನೋಡುತ್ತ ನಿಂತು, ಆಮೇಲೆ ಕಾಳು ಸುರುವಿ ಬೂದಿ ತೊಳೆಯಲು ಕೂತರು. ಚುಕ್ಕಿ ಚುಕ್ಕಿ ಇದ್ದ ಸಣ್ಣ ಅಲಸಂದಿ.

ಮರುದಿನ ಗೋಧಿ ಹುಗ್ಗಿ, ಅನ್ನ, ಸಾರು, ಅಲಸಂದಿ ಪಲ್ಯ. ಗಂಡಸರು ಉಂಡು ಎದ್ದರು. ಹೆಂಗಸರ ಪಂಕ್ತಿಯಲ್ಲಿ ಪಲ್ಯ ಬಡಿಸುವಾಗ ಮಾತು ನಿಂತುಹೋಯಿತು. ಉಪ್ಪು ಕಡಿಮೆಯಾಯಿತೇನು ಎಂದು ನಾನು ಜೋರಾಗಿಯೇ ಕೇಳಿದೆ. ಇಲ್ಲ, ಚಲೋ ಆಗಿದೆ ಎಂದರು. ಸತ್ತವರ ದಿನದ ಊಟಕ್ಕೆ ಯಾರೂ ಹೆಸರಿಡುವುದಿಲ್ಲ, ಬಡಿಸಿದ್ದನ್ನು ಉಂಡು ಹೋಗುವುದು ನಮ್ಮ ಕಡೆಯ ರೀತಿ. ನಾನು ಇನ್ನೊಂದು ಸುತ್ತು ಪಲ್ಯ ಬಡಿಸಿದೆ.

ಊಟ ಮುಗಿಯಿತು, ಜನ ಹೋದರು. ಉಳಿದದ್ದು ಮನೆ. ಸತ್ತವರ ಮನೆ ಎತ್ತುವುದೆಂದರೆ ಎಂಥ ಕೆಲಸವೆಂದು ಮಾಡಿದವರಿಗೇ ಗೊತ್ತು. ವಾರದ ರಜೆಯ ದಿನ ಅಬ್ಬಿಗೇರಿಗೆ ಹೋಗುವುದು, ಒಂದೊಂದೇ ಮುಗಿಸುವುದು. ಸೀರೆಗಳನ್ನು ಹಂಚಿದೆ. ಗುಳಿಗೆಗಳನ್ನು ಚೆಲ್ಲಿದೆ. ಕನ್ನಡಕ ಚೆಲ್ಲಲು ಕೈ ಬರಲಿಲ್ಲ. ಗ್ಯಾಸಿನವರು ಒಂದೇ ಸಲಕ್ಕೆ ಸಿಲಿಂಡರ್ ತಿರುಗಿ ತೆಗೆದುಕೊಂಡರು, ಪುಣ್ಯಾತ್ಮರು. ರೇಷನ್ ಕಾರ್ಡು ಮಾತ್ರ ನನ್ನನ್ನು ಅರೆಯಿತು. ಕಾರ್ಡಿನಲ್ಲಿ ಇದ್ದದ್ದು ಅತ್ತೆಯ ಹೆಸರೊಂದೇ. ಆ ಹೆಸರು ತೆಗೆಯಬೇಕಾದರೆ ಕಾರ್ಡಿನವರೇ ಬಂದು ಯಂತ್ರಕ್ಕೆ ಹೆಬ್ಬೆಟ್ಟು ಒತ್ತಬೇಕು ಎಂದ, ರೇಷನ್ ಕಚೇರಿಯಲ್ಲಿ ಕೂತಿದ್ದ ಹುಡುಗ. ಕಾರ್ಡಿನವರು ಮಣ್ಣಲ್ಲಿದ್ದಾರೆ ಎಂದೆ. ಅದು ಸರಿ, ಆದರೆ ಯಂತ್ರ ಕೇಳುವುದಿಲ್ಲವಲ್ಲ ಎಂದ. ಬಸ್ಸಿನ ದನಿಯಲ್ಲಿ ಎರಡು ಮಾತು ಆಡಿದೆ, ಒಳಗಿನಿಂದ ಯಾರೋ ಹಿರಿಯರು ಬಂದು ಮರಣದ ದಾಖಲೆ ನೋಡಿ ಕೆಲಸ ಮಾಡಿಕೊಟ್ಟರು. ಹೊರಗೆ ಬಂದು ಕಟ್ಟೆಯ ಮೇಲೆ ಕೂತಾಗ ಸಂಕಟವಾಯಿತು. ಗೆದ್ದು ಬಂದದ್ದು ಏನನ್ನು? ಒಂದು ಹೆಸರು ಇಲ್ಲದಂತೆ ಮಾಡಿಸಿದ್ದನ್ನು.

ತಮ್ಮ ಮನೆಗೆ ಬಾಡಿಗೆಯವರನ್ನು ಗೊತ್ತು ಮಾಡಿದ್ದ. ಸಾಲಿ ಮಾಸ್ತರರಂತೆ, ಒಳ್ಳೆಯವರಂತೆ. ಖಾಲಿ ಬಿಟ್ಟರೆ ಮಣ್ಣಿನ ಮನೆ ಉಳಿಯುವುದಿಲ್ಲ ಎಂದು ನಾನೂ ಹೂಂ ಅಂದಿದ್ದೆ. ಹಾಗಾಗಿ ಒಂದು ದಿನ ಅಟ್ಟ ಖಾಲಿ ಮಾಡಲು ನಿಂತೆ. ಬೀಜದ ಗಡಿಗೆಯೊಂದನ್ನು ಹುಷಾರಾಗಿ ಇಳಿಸಿ ದೊಡ್ಡವ್ವನಿಗೆ ಒಪ್ಪಿಸಬೇಕು ಎಂದು ಮನಸ್ಸಿನಲ್ಲಿ ಮೊದಲೇ ಇತ್ತು. ಗಡಿಗೆಗಳನ್ನು ಒಂದೊಂದಾಗಿ ಇಳಿಸಿದೆ. ಜೋಳದ್ದು, ಹುರುಳಿಯದು, ಮೆಣಸಿನಕಾಯಿಯದು. ಎಲ್ಲಕ್ಕೂ ಬಾಯಿಗೆ ಅರಿವೆ ಕಟ್ಟಿತ್ತು. ತಿನ್ನುವ ಕಾಳಿಗೆ ಅರಿವೆ, ಬಿತ್ತುವ ಕಾಳಿಗೆ ಸೆಗಣಿ; ಅದು ಆ ಮನೆಯ ಕಾಯಿದೆ, ನನಗೆ ಏಳು ವರ್ಷವಿದ್ದಾಗಿನಿಂದ ಗೊತ್ತಿದ್ದದ್ದು. ಸೆಗಣಿ ಮೆತ್ತಿದ ಗಡಿಗೆ ಅಟ್ಟದ ಮೇಲೆ ಇರಲಿಲ್ಲ. ನಿಚ್ಚಣಿಕೆಯ ಮೇಲೆ ನಿಂತು ಅಟ್ಟದ ಮೂಲೆಮೂಲೆಗೂ ಕೈಯಾಡಿಸಿ ನೋಡಿದೆ. ಆ ಕಾಯಿದೆ ಮರೆತಿದ್ದೆ ಅಂದರೆ ಸುಳ್ಳಾಗುತ್ತದೆ. ಊಟದ ಹಿಂದಿನ ಸಂಜೆ ಸಿಟ್ಟಿನಲ್ಲಿ ನನಗೆ ಗಡಿಗೆ ಕಂಡಿತ್ತು, ಕೈಯಾರೆ ಒಡೆದ ಸೆಗಣಿ ಕಂಡಿರಲಿಲ್ಲ. ಬೀಜವನ್ನು ಬೇಯಿಸಿ ಊರಿಗೆಲ್ಲ ಬಡಿಸಿದ್ದೆ.

ಹೊರಗಿನವರಿಗೆ ಇದು ಒಂದು ಗಡಿಗೆ ಅಲಸಂದಿ. ಒಳಗಿನ ಸಂಗತಿ ಬೇರೆ. ನಮ್ಮ ಎರೆ ಹೊಲಗಳಲ್ಲಿ ಗಂಡಸರು ಬಿತ್ತುವುದು ಮುಖ್ಯ ಬೆಳೆ. ಅದರ ಮಗ್ಗುಲಿಗೆ ಒಂದೆರಡು ಸಾಲು ಹೆಂಗಸರವು, ಅದಕ್ಕೆ ಅಕ್ಕಡಿ ಎನ್ನುತ್ತೇವೆ. ಮನೆಗೆ ಬೇಕಾದ ಕಾಳುಕಡಿ ಅದರಲ್ಲಿ. ಟ್ರ್ಯಾಕ್ಟರ್ ಬಂದ ಮೇಲೂ ಆ ಸಾಲು ಹೆಂಗಸರ ಕೈಯಲ್ಲೇ ಇದೆ. ಅತ್ತೆಯ ಓಣಿಯ ಅಕ್ಕಡಿಗೆಲ್ಲ ಈ ಚುಕ್ಕಿ ಅಲಸಂದಿಯೇ ಆಗಬೇಕು. ಮಳೆ ಕೈಕೊಟ್ಟರೂ ಇದು ಕಾಯಿ ಬಿಡುತ್ತದೆ. ಆದರೆ ಹುಳ ಬೀಳದಂತೆ ಮುಂದಿನ ಮಳೆಯವರೆಗೆ ಇಡುವುದು ಅತ್ತೆಯ ಕೈಗೆ ಮಾತ್ರ ಸಿದ್ಧಿಸಿತ್ತು. ಅದಕ್ಕೇ ಸುಗ್ಗಿಯಲ್ಲಿ ಎಲ್ಲರೂ ತಂತಮ್ಮ ಬೀಜ ತಂದು ಅತ್ತೆಯ ಗಡಿಗೆಗೆ ಹಾಕುವುದು, ಮಿರಗ, ಅಂದರೆ ಮೃಗಶಿರ ಮಳೆ ಕೂಡಿದ ಮೊದಲ ಸೋಮವಾರ ಬಂದು ಒಯ್ಯುವುದು. ಸೋಮವಾರ ಯಾಕೆಂದರೆ ಅಂದು ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ, ಹೆಂಗಸರಿಗೂ ಹೊಲದ ಕೆಲಸ ಇರುವುದಿಲ್ಲ. ಓಣಿಯ ಬೀಜವೆಲ್ಲ ಒಂದೇ ಗಡಿಗೆಯಲ್ಲಿ. ಅದನ್ನೇ ನಾನು ಒಡೆದದ್ದು.

ಇನ್ನೊಂದು ಮಾತಿದೆ, ನನಗೆ ಅದೇ ಹೆಚ್ಚು ಚುಚ್ಚಿದ್ದು. ಬೀಜ ಒಯ್ಯಲು ಯಾರೂ ಚೀಲ ತರುತ್ತಿರಲಿಲ್ಲ. ಅತ್ತೆಯ ಮುಂದೆ ಬಂದು ಸೆರಗು ಹಿಡಿದು ಉಡಿ ಒಡ್ಡುತ್ತಿದ್ದರು, ಅತ್ತೆ ಬೊಗಸೆಯಿಂದ ಹಾಕುತ್ತಿದ್ದರು. ಗಂಡ ಸತ್ತ ಹೆಂಗಸಿನ ಕೈಯಿಂದ ನಮ್ಮಲ್ಲಿ ಯಾರೂ ಉಡಿ ತುಂಬಿಸಿಕೊಳ್ಳುವುದಿಲ್ಲ. ಮದುವೆ, ಸೀಮಂತ, ತೊಟ್ಟಿಲು, ಎಲ್ಲದರಲ್ಲೂ ಅತ್ತೆ ಅಡುಗೆಮನೆಯಲ್ಲಿ ಇರುತ್ತಿದ್ದರು, ಹೊರಗೆ ಬರುತ್ತಿರಲಿಲ್ಲ. ಅದು ಹೇಗಿರುತ್ತದೆಂದು ಎಂಟು ವರ್ಷದಿಂದ ನನಗೂ ಗೊತ್ತು. ಕುಂಕುಮದ ತಾಟು ಹಿಡಿದವರು ನನ್ನನ್ನು ದಾಟಿ ಪಕ್ಕದವಳ ಹಣೆಗೆ ಹೋಗುತ್ತಾರೆ. ನಾನು ಸಿಟ್ಟಿನಿಂದ ಎದ್ದು ಹೊರಗೆ ಬಂದುಬಿಡುತ್ತೇನೆ. ಅತ್ತೆ ಸಿಟ್ಟು ಮಾಡಿದ್ದನ್ನು ನಾನು ಕಂಡಿಲ್ಲ. ವರ್ಷಕ್ಕೊಂದು ಸೋಮವಾರ ಇಡೀ ಓಣಿ ಬಂದು ಅವರ ಮುಂದೆ ಉಡಿ ಒಡ್ಡುತ್ತಿತ್ತು. ಆ ದಿನ ಅವರು ತಲೆಗೆ ಎರೆದುಕೊಂಡು ಇದ್ದುದರಲ್ಲಿ ಚಲೋ ಸೀರೆ ಉಟ್ಟು ಕೂರುತ್ತಿದ್ದರು. ಆ ದಿನವನ್ನೇ ನಾನು ಪಲ್ಯ ಮಾಡಿ ಬಡಿಸಿದ್ದೆ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎಂದು ದೊಡ್ಡವರು ಸುಮ್ಮನೆ ಹೇಳಿಲ್ಲ.

ಯಾರಿಗೂ ಹೇಳಲಿಲ್ಲ. ಹೇಳುವ ಧೈರ್ಯವಿರಲಿಲ್ಲ ಅನ್ನುವುದೇ ಸರಿ. ಎಲ್ಲಿಂದಾದರೂ ಬೀಜ ತಂದು ಗಡಿಗೆ ತುಂಬಿ, ಸೆಗಣಿ ಮೆತ್ತಿ, ಏನೂ ಆಗದವಳಂತೆ ಇಟ್ಟುಬಿಡೋಣ ಎಂದು ಕಳ್ಳಬುದ್ಧಿ ಮಾಡಿದೆ. ರೋಣದ ಪೇಟೆಯಲ್ಲಿ ಕೇಳಿದೆ, ನರಗುಂದದಲ್ಲಿ ಕೇಳಿದೆ. ದಪ್ಪ ಬಿಳಿ ಅಲಸಂದಿ ತೋರಿಸಿದರು. ಗಜೇಂದ್ರಗಡದ ಸಂತೆಯಲ್ಲಿ ಚುಕ್ಕಿ ಇದ್ದವು ಸಿಕ್ಕವು, ಹಿಗ್ಗಿನಿಂದ ತಂದು ಅತ್ತೆಯ ಮನೆಯ ಬಿಸಿಲಲ್ಲಿ ಹರವಿ ನೋಡಿದರೆ ಎಲ್ಲಿಯ ಚುಕ್ಕಿ, ಎಲ್ಲಿಯ ಬಣ್ಣ. ನನಗೇ ಗೊತ್ತಾಗುತ್ತದೆ ಅಂದಮೇಲೆ ಓಣಿಯ ಹೆಂಗಸರಿಗೆ ಮೋಸ ಮಾಡಲಾದೀತೇ? ಅವನ್ನು ಮನೆಗೊಯ್ದು ಸಾರು ಮಾಡಿದೆ.

ಆಮೇಲೆ ಬಸ್ಸಿನಲ್ಲೇ ಕೇಳಲು ಶುರು ಮಾಡಿದೆ. ಟಿಕೆಟ್ ಹರಿಯುತ್ತ, ಅಬ್ಬಿಗೇರಿಯ ನಮ್ಮತ್ತೆ ಇಡುತ್ತಿದ್ದಂಥ ಚುಕ್ಕಿ ಅಲಸಂದಿ ಬೀಜ ನಿಮ್ಮಲ್ಲಿ ಇದೆಯೇನ್ರಿ ಎಂದು ಕೇಳುವುದು. ಕಂಡಕ್ಟರಮ್ಮನಿಗೆ ಬಿಸಿಲು ತಲೆಗೆ ಹತ್ತಿದೆ ಎಂದು ಹಿಂದಿನ ಸೀಟಿನಲ್ಲಿ ನಕ್ಕರು. ನಗಲಿ ಎಂದು ಬಿಟ್ಟೆ, ಬೇರೆ ದಿನವಾಗಿದ್ದರೆ ಬಿಡುತ್ತಿರಲಿಲ್ಲ. ರೋಹಿಣಿ ಮಳೆ ಮುಗಿಯಿತು. ಮಿರಗ ಕೂಡಲು ನಾಲ್ಕೇ ದಿನ ಇದ್ದಾಗ ಪುರ್ತಗೇರಿಯ ಒಬ್ಬ ಹೆಂಗಸು ಹತ್ತಿದಳು. ಹಿಂದೊಂದು ಸಲ ಅವಳನ್ನೂ ಕೇಳಿದ್ದೆ, ಇಲ್ಲ ಅಂದಿದ್ದಳು. ಈಗ ಸೊಂಟದ ಚೀಲದಿಂದ ಒಂದು ಸಣ್ಣ ಅರಿವೆಯ ಗಂಟು ತೆಗೆದು ನನ್ನ ಕೈಗಿಟ್ಟಳು.

“ಇವು ನಿಮ್ಮತ್ತಿ ಬೀಜಾನ್ರಿ. ನಮ್ಮವ್ವ ಅಬ್ಬಿಗೇರಿಯಾಕಿ, ಲಗ್ನಾಗಿ ಬರೂಮುಂದ ತಂದಿದ್ಲು. ಹಿತ್ತಲದಾಗ ಒಂದು ಬಳ್ಳಿ ಉಳಿಸಿಕೊಂಡ ಬಂದಾಳ. ಅಕಿಗೆ ನೀವು ಹುಡಕಾಕತ್ತಿದ್ದು ಹೇಳಿದೆ, ಕೊಟ್ಟ ಬಾ ಅಂದ್ಲು.”

ಗಂಟು ಬಿಚ್ಚಿದೆ. ಅದೇ ಚುಕ್ಕಿ, ಅದೇ ಬಣ್ಣ. ಆದರೆ ಒಂದು ಹಿಡಿ, ಅಷ್ಟೇ. ಓಣಿಯ ಅಕ್ಕಡಿಗೆ ಅದು ಎಲ್ಲಿ ಸಾಲಬೇಕು? ಆದರೂ ಆ ಹೆಂಗಸಿನ ಎರಡೂ ಕೈ ಹಿಡಿದುಕೊಂಡೆ, ಹಿಂದಿನವರು ರೈಟ್ ರೈಟ್ ಎಂದು ಕೂಗುವವರೆಗೂ ಬಿಡಲಿಲ್ಲ.

ಬೀಜ ಒಯ್ಯುವ ಆ ಸೋಮವಾರ ರಜೆ ಹಾಕಿದೆ. ಹಿಂದಿನ ದಿನ ಚಲೋ ಮಳೆಯಾಗಿತ್ತು. ಬೀಜದ ಗಡಿಗೆ ಖಾಲಿಯಾಗಿದೆ, ಇನ್ನು ಮುಚ್ಚಿಡಲು ಏನೂ ಉಳಿದಿಲ್ಲ, ಹೇಳಿ ಬೈಸಿಕೊಂಡು ಮನೆಯ ಚಾವಿ ತಮ್ಮನಿಗೆ ಕೊಟ್ಟು ಹೋಗಿಬಿಡುವುದೆಂದು ನಿರ್ಧಾರ ಮಾಡಿದ್ದೆ. ಪಡಸಾಲೆ ಸಾರಿಸಿ, ಒಂದು ತಾಟಿನಲ್ಲಿ ಆ ಹಿಡಿ ಕಾಳು ಇಟ್ಟುಕೊಂಡು ಕೂತೆ. ಹತ್ತು ಗಂಟೆಯ ಸುಮಾರಿಗೆ ಒಬ್ಬೊಬ್ಬರೇ ಬಂದರು, ಏಳೆಂಟು ಮಂದಿ. ದೊಡ್ಡವ್ವ ಎಲ್ಲರಿಗಿಂತ ಹಿಂದೆ ಬಂದು ಕಂಬಕ್ಕೆ ಒರಗಿ ಕೂತರು. ಯಾರೂ ಉಡಿ ಒಡ್ಡಲಿಲ್ಲ. ಐವತ್ತು ಜನರ ಮೇಲೆ ದನಿ ಏರಿಸುವ ನಾನು ಅಂದು ತಡವರಿಸುತ್ತ ಹೇಳಿದೆ: ಊಟದ ದಿನ ನೀವು ಉಂಡದ್ದು ನಿಮ್ಮದೇ ಬೀಜ, ಸೆಗಣಿ ಒಡೆದವಳು ನಾನು, ಅತ್ತೆ ಇಷ್ಟು ವರ್ಷ ಕಾಯ್ದದ್ದನ್ನು ಒಂದು ಹೊತ್ತಿನಲ್ಲಿ ಮುಗಿಸಿದೆ, ಹುಡುಕಿದರೆ ಸಿಕ್ಕದ್ದು ಈ ಒಂದು ಹಿಡಿ.

ಯಾರ ಮುಖದಲ್ಲೂ ಗಾಬರಿ ಕಾಣಲಿಲ್ಲ. ಒಬ್ಬರನ್ನೊಬ್ಬರು ನೋಡಿಕೊಂಡು ಕಡೆಗೆ ದೊಡ್ಡವ್ವನ ಕಡೆ ನೋಡಿದರು.

“ನಮಗ ಗೊತ್ತೈತಿ,” ಎಂದರು ದೊಡ್ಡವ್ವ. “ಬೂದಿ ತೊಳದಾಕಿ ನಾನ. ಬೀಜ ಅಂತ ಕೈಗೆ ತಿಳಿಯಂಗಿಲ್ಲೇನು? ಮರುದಿನಾ ಇವರೂ ಎಲ್ಲಾರೂ ತಿಳದ ಉಂಡಾರ.”

ನನಗೆ ಒಮ್ಮೆಲೇ ಸಿಟ್ಟು ಬಂತು. ಗೊತ್ತಿದ್ದೂ ಯಾಕೆ ಬಾಯಿ ಮುಚ್ಚಿಕೊಂಡಿದ್ದಿರಿ, ಆ ಸಂಜೆ ಒಂದು ಮಾತು ಅಂದಿದ್ದರೆ ಬೀಜ ಉಳಿಯುತ್ತಿರಲಿಲ್ಲವೇ ಎಂದು ಕೇಳಿದೆ. ನನ್ನ ಬಾಯಿಗೆ ಹೆದರಿ ಸುಮ್ಮನಿದ್ದರೆಂದೇ ನಾನು ತಿಳಿದದ್ದು.

“ನಿನ್ನ ಬಾಯಿಗೆ ಯಾರು ಹೆದರ್ತಾರ,” ಎಂದರು ದೊಡ್ಡವ್ವ. “ಹತ್ತ ದಿನಾ ನಿನ್ನ ಕಣ್ಣಾಗ ಒಂದು ಹನಿ ನೀರು ಬಂದಿದ್ದಿಲ್ಲ. ಹುಡಿಗಿ ಕಲ್ಲಾಗ್ಯಾಳ, ಇಕಿಗೆ ಏನರ ಆಗ್ತೈತಿ ಅಂತ ನಮಗೆಲ್ಲಾ ಹೆದರಿಕಿ ಹತ್ತಿತ್ತು. ಅವತ್ತು ಗಡಿಗ್ಯಾಗ ಮಾರಿ ಇಟ್ಟು ಅಳಾಕ ಹತ್ತೀದಿ. ಅಳೂ ಕೂಸಿನ ಕೈಯಾಂದ ಹ್ಯಾಂಗ ಕಸಗೊಳ್ಳೂದು? ಬೀಜ ಹೋದ್ರ ಹೋಗ್ಲಿ ಅಂದೆ.”

ಹತ್ತು ದಿನ ಅವರು ಮೂಲೆಯಲ್ಲಿ ಕೂತು ನನ್ನನ್ನು ನೋಡುತ್ತಿದ್ದುದು ಅದಕ್ಕೆ. ನಾನು ಯಾರ್ಯಾರನ್ನು ಬೈದಿದ್ದೆನೋ ಅವರೇ ಒಂದು ವರ್ಷದ ಅಕ್ಕಡಿಯನ್ನು ನನ್ನ ಅಳುವಿಗೆ ಬಿಟ್ಟುಕೊಟ್ಟು, ಚಲೋ ಆಗಿದೆ ಎಂದು ಉಂಡು ಎದ್ದು ಹೋಗಿದ್ದರು. ಆಮೇಲೆ ಮಳೆಯಾದ ಸೋಮವಾರ, ಬೀಜ ಇಲ್ಲವೆಂದು ತಿಳಿದೂ ಬಂದಿದ್ದರು. ಬೀಜಕ್ಕಲ್ಲದಿದ್ದರೆ ಮತ್ತೆ ಯಾಕೆ ಬಂದಿರಿ ಎಂದು ಕೇಳಿದೆ. ಇದು ನಿಮ್ಮತ್ತೆಯ ದಿನ, ಮನೆಯಲ್ಲಿ ಹ್ಯಾಗೆ ಕೂರುವುದು ಎಂದಳು ಒಬ್ಬಳು.

ದೊಡ್ಡವ್ವ ತಾಟನ್ನು ಹತ್ತಿರ ಎಳೆದುಕೊಂಡು ಕಾಳು ಕೈಯಲ್ಲಿ ಹೊರಳಿಸಿ ನೋಡಿದರು. ಇವೇ, ಎಂದರು. ಉಳಿದವರೂ ಬಗ್ಗಿ ನೋಡಿದರು. ಮುಂದಿನ ಮಾತು ನನ್ನನ್ನು ಕೇಳದೆ ಅವರವರೇ ಆಡಿಕೊಂಡರು. ಒಂದು ಹಿಡಿಯನ್ನು ಹಂಚಿಕೊಂಡರೆ ಯಾರಿಗೂ ಆಗುವುದಿಲ್ಲ; ಈ ವರ್ಷ ಯಾರೂ ಒಯ್ಯುವುದು ಬೇಡ, ಎಲ್ಲವನ್ನೂ ಇಲ್ಲೇ ಹಿತ್ತಲಿನಲ್ಲಿ ಊರಬೇಕು; ನೀರು, ಕಳೆ, ದನ ಬರದಂತೆ ನೋಡುವುದು ಓಣಿಯವರ ಕೆಲಸ; ಬಲಿತ ಕಾಯಿ ಬಿಡಿಸಿ, ಬೂದಿ ಹಚ್ಚಿ, ಗಡಿಗೆಗೆ ಹಾಕುವುದು ನನ್ನ ಕೆಲಸ. ಮುಂದಿನ ವರ್ಷ ಇದೇ ಸೋಮವಾರ ನಿನ್ನ ಕಡೆ ಬರುತ್ತೇವೆ ಎಂದು ದೊಡ್ಡವ್ವ ನನಗೆ ಹೇಳಿದರು.

ನನ್ನ ಕಡೆ ಬಂದು ಏನು ಮಾಡುತ್ತೀರಿ, ನಿಮಗೆ ಗೊತ್ತಿಲ್ಲವೇ, ನಾನು ಗಂಡ ಸತ್ತವಳು, ನನ್ನ ಮುಂದೆ ಯಾರು ಉಡಿ ಒಡ್ಡುತ್ತಾರೆ ಎಂದೆ. ಎಂಟು ವರ್ಷದಲ್ಲಿ ಆ ಮಾತನ್ನು ನಾನು ಬಾಯಿಬಿಟ್ಟು ಆಡಿದ್ದು ಅದೇ ಮೊದಲು.

“ನಿಮ್ಮತ್ತಿ ಏನ್ ಮುತ್ತೈದಿ ಇದ್ದಳೇನು?” ಎಂದರು ದೊಡ್ಡವ್ವ.

ನಾನು ಎದ್ದು ಹೊರಗೆ ಹೋಗಿ ತಮ್ಮನಿಗೆ ಫೋನು ಮಾಡಿದೆ. ಮಾಸ್ತರರಿಗೆ ಬೇರೆ ಮನೆ ನೋಡಿಕೊಳ್ಳಲು ಹೇಳು, ಈ ಮನೆಯಲ್ಲಿ ಜನ ಇದ್ದಾರೆ ಎಂದೆ.